ಮೊದಲ ಸ್ಲೈಡ್‌ನಲ್ಲಿ ಒಂದು ಲೆಕ್ಕ ಇರಲಿ

ಮ್ಯಾಥ್‌ಫೆಸ್ಟ್‌ನಂಥ ಗಣಿತ ಸಮ್ಮೇಳನದಲ್ಲಿ ಮೊದಲ ಸಲ ಟಾಕ್ ಕೊಡುವ ಡಿಗ್ರಿ ವಿದ್ಯಾರ್ಥಿಗಳಿಗೆ: ವ್ಯಾಖ್ಯೆಗಳಿಂದ ಶುರು ಮಾಡಬೇಡಿ, ಕೈಯಲ್ಲೇ ಮಾಡಬಹುದಾದ ಲೆಕ್ಕದಿಂದ ಶುರು ಮಾಡಿ. ವಿಷಯ ಪಾರ್ಟಿಷನ್, ಅಂದರೆ ಒಂದು ಸಂಖ್ಯೆಯನ್ನು ಚಿಕ್ಕ ಸಂಖ್ಯೆಗಳ ಮೊತ್ತವಾಗಿ ಒಡೆಯುವುದು, ಅಂದುಕೊಳ್ಳಿ. 4 ಅನ್ನು 4, 3+1, 2+2, 2+1+1, 1+1+1+1 ಎಂದು 5 ರೀತಿ ಒಡೆಯಬಹುದು. 9ಕ್ಕೆ 30 ರೀತಿ, 14ಕ್ಕೆ 135. 5, 30, 135 ಎಲ್ಲವೂ 5ರಿಂದ ಭಾಗವಾಗುತ್ತವೆ, ಅಲ್ವಾ? ರಾಮಾನುಜನ್ ಗಮನಿಸಿದ್ದು ಇದನ್ನೇ. ಈಗ ಪ್ರಮೇಯ ಹೇಳಿ, ಜನ ಕಿವಿಗೊಡುತ್ತಾರೆ. ಕೂತವರಲ್ಲಿ ಜಾಸ್ತಿ ಜನ ಬೇರೆ ಶಾಖೆಯವರು. ನಿಮ್ಮ ಚಿಹ್ನೆಗಳು ಗೊತ್ತಿಲ್ಲದಿದ್ದರೂ ಕೂಡುವುದು ಎಲ್ಲರಿಗೂ ಬರುತ್ತದೆ. ಚಿಕ್ಕ ಉದಾಹರಣೆಯಲ್ಲಿ ಫಲಿತಾಂಶ ಸುಮ್ನೆ ಸುಲಭವಾಗಿಬಿಟ್ಟರೆ, ಅಥವಾ ವಿಷಯ ಅನಂತ ಆಯಾಮದ್ದಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಒಂದು ಒಳ್ಳೆ ಚಿತ್ರ ಹಾಕಿ. ಪೋಸ್ಟರ್‌ಗಂತೂ ಚಿತ್ರವೇ ಮೇಲು.