ತಲೆ-ಕುತ್ತಿಗೆ ಕ್ಯಾನ್ಸರ್: ಜೀನ್ ಪಟ್ಟಿಯನ್ನು ನಂಬುವ ಮುಂಚೆ

ಗೆಡ್ಡೆಯನ್ನೂ ಪಕ್ಕದ ಸರಿಯಿರುವ ಅಂಗಾಂಶವನ್ನೂ ಹೋಲಿಸಿ, ಯಾವ ಜೀನ್ ಏರಿದೆ, ಯಾವುದು ಇಳಿದಿದೆ ಅಂತ ಹೊಸಬರು ತಂದು ತೋರಿಸುವ ಪಟ್ಟಿಯಲ್ಲಿ ಸಿಕೆಎಂ, ಎಂವೈಎಚ್2, ಎಸಿಟಿಎ1 ಮೇಲೆ ಕೂತಿರುತ್ತವೆ. ‘ಕ್ಯಾನ್ಸರ್‌ನಲ್ಲಿ ಇವು ಇಳಿದಿವೆ’ ಅಂತಾರೆ. ನನಗೆ ನಗು ಬರುತ್ತದೆ. ಇವೆಲ್ಲ ಸ್ನಾಯುವಿನ ಜೀನ್‌ಗಳು. ನಾಲಿಗೆಯ ಗೆಡ್ಡೆಯ ಪಕ್ಕದಿಂದ ಸರಿಯಿರುವ ಚೂರು ಕತ್ತರಿಸಿದರೆ ಸ್ನಾಯುವೂ ಜೊತೆಗೆ ಬರುತ್ತದೆ, ಅಷ್ಟೇ. ಜೊಲ್ಲು ಗ್ರಂಥಿಯ ಚೂರು ಸೇರಿದರೆ ಎಸ್‌ಟಿಎಟಿಎಚ್, ಎಂಯುಸಿ7 ಕೂಡ ಹೀಗೇ ಆಟ ಆಡಿಸುತ್ತವೆ.

ಡೇಟಾಗೆ ಟಿಸಿಜಿಎ (ಕ್ಯಾನ್ಸರ್ ಗೆಡ್ಡೆಗಳ ಜೀನ್ ಮಾಹಿತಿಯ ದೊಡ್ಡ ಸಾರ್ವಜನಿಕ ಸಂಗ್ರಹ) ಸಾಕು. ಎಚ್‌ಎನ್‌ಎಸ್‌ಸಿ ಅನ್ನುವ ಗುಂಪಿನಲ್ಲಿ 500ಕ್ಕೂ ಜಾಸ್ತಿ ಗೆಡ್ಡೆಗಳ ಆರ್‌ಎನ್‌ಎ ಅಳತೆ ಇದೆ, ಪಕ್ಕದ ಅಂಗಾಂಶದ್ದು ಬರೀ 44. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟಿಸಿಜಿಎಬಯೋಲಿಂಕ್ಸ್ ಪ್ಯಾಕೇಜ್ ಹಾಕಿಕೊಂಡು ಇಳಿಸಿಕೊಳ್ಳಿ. ಫೈಲಿನಲ್ಲಿ ಟಿಪಿಎಂ, ಎಫ್‌ಪಿಕೆಎಂ ಅನ್ನುವ, ಮೊದಲೇ ಸರಿಹೊಂದಿಸಿದ ಅಳತೆಗಳ ಕಾಲಂಗಳೂ ಇರುತ್ತವೆ. ಹೋಲಿಕೆ ಮಾಡುವ ಪ್ಯಾಕೇಜ್ ಡಿಇಸೀಕ್2ಗೆ ಅವು ಬೇಡ, ಕಚ್ಚಾ ಎಣಿಕೆಯನ್ನೇ ಕೊಡಿ. ಪ್ರತಿ ಸ್ಯಾಂಪಲ್‌ಗೆ ಕೊಟ್ಟ ಗುರುತು, ಅಂದರೆ ಬಾರ್‌ಕೋಡ್‌ನ ನಾಲ್ಕನೇ ಭಾಗ 01 ಅಂತ ಶುರುವಾದರೆ ಮೂಲ ಗೆಡ್ಡೆ, 11 ಆದರೆ ಪಕ್ಕದ ಅಂಗಾಂಶ. 06 ಅಂದರೆ ಹರಡಿದ ಗೆಡ್ಡೆ, ಅದನ್ನು ಬಿಟ್ಟುಬಿಡಿ.

ಹೋಲಿಕೆಗೆ ಮುಂಚೆ ಪಿಸಿಎ ಚಿತ್ರ (ಒಂದೇ ಥರದ ಸ್ಯಾಂಪಲ್‌ಗಳು ಹತ್ತಿರ ಹತ್ತಿರ ಕೂರುವ ಚಿತ್ರ) ಬರೆಯಿರಿ. ಗೆಡ್ಡೆ ಯಾವ ಜಾಗದ್ದು, ಎಚ್‌ಪಿವಿ ವೈರಸ್ ಇದೆಯೋ ಇಲ್ಲವೋ, ಎರಡಕ್ಕೂ ಬಣ್ಣ ಕೊಟ್ಟು ನೋಡಿ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಎಲ್ಲವನ್ನೂ ಒಂದೇ ಹೆಸರಿನಡಿ ತುರುಕಿದ್ದಾರೆ, ಅದೇ ಇಲ್ಲಿನ ತಲೆನೋವು. ಎಚ್‌ಪಿವಿಯ ಇ7 ಪ್ರೋಟೀನ್ ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನು ಕೆಡಿಸುತ್ತದೆ. ಆಗ ಪಿ16 ಅನ್ನುವ ಪ್ರೋಟೀನ್ ಜೋರಾಗಿ ಏರುತ್ತದೆ. ಪಿ16 ಬರುವುದು ಸಿಡಿಕೆಎನ್2ಎ ಜೀನ್‌ನಿಂದ. ವೈರಸ್ ಇಲ್ಲದ ಗೆಡ್ಡೆಗಳಲ್ಲೋ, ಆ ಜೀನೇ ಎಷ್ಟೋ ಸಲ ಕಳೆದುಹೋಗಿರುತ್ತದೆ. ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಏನು ಅರ್ಥ, ಅಲ್ವಾ?

ಇನ್ನೊಂದು ಬಲೆ ಇದೆ. ಎಚ್‌ಪಿವಿ ಗೆಡ್ಡೆಗಳು ಹೆಚ್ಚಾಗಿ ಟಾನ್ಸಿಲ್ ಸುತ್ತಮುತ್ತ ಹುಟ್ಟುತ್ತವೆ. ಟಾನ್ಸಿಲ್ ತುಂಬ ಬಿ ಕೋಶಗಳು, ಅಂದರೆ ರೋಗನಿರೋಧಕ ಕೋಶಗಳು. ಹಾಗಾಗಿ ಬಿ ಕೋಶದ ಜೀನ್‌ಗಳಾದ ಸಿಡಿ19, ಎಂಎಸ್4ಎ1 ಏರಿದ್ದು ವೈರಸ್ ವಿರುದ್ಧದ ಹೋರಾಟವೋ, ಸುಮ್ನೆ ಟಾನ್ಸಿಲ್ ಗುರುತೋ? ಗಂಟಲಿನ ಗೆಡ್ಡೆಗಳನ್ನಷ್ಟೇ ಇಟ್ಟುಕೊಂಡು ವೈರಸ್ ಇರುವುದನ್ನೂ ಇಲ್ಲದ್ದನ್ನೂ ಹೋಲಿಸಿ. ಸ್ಯಾಂಪಲ್ ಕಡಿಮೆಯಾಗುತ್ತವೆ, ಆಗಲಿ.

ಪಕ್ಕದ ಅಂಗಾಂಶದ ಜೊತೆ ಹೋಲಿಸುವಾಗ ಜೋಡಿ ಇರುವ ರೋಗಿಗಳನ್ನಷ್ಟೇ ತೆಗೆದುಕೊಳ್ಳಿ. ಡಿಇಸೀಕ್2ಗೆ ಕೊಡುವ ಡಿಸೈನ್ ಸೂತ್ರದಲ್ಲಿ ಮೊದಲು ರೋಗಿ, ಆಮೇಲೆ ಅಂಗಾಂಶ. ಸಾವಿರಾರು ಜೀನ್ ಒಟ್ಟಿಗೆ ಪರೀಕ್ಷಿಸಿದ್ದಕ್ಕೆ ತಿದ್ದಿದ ಪಿ ಮೌಲ್ಯ 0.05ಕ್ಕಿಂತ ಕಡಿಮೆ, ಲಾಗ್2 ವ್ಯತ್ಯಾಸ 1ಕ್ಕಿಂತ ಜಾಸ್ತಿ (ಏರಿಕೆಯಾಗಲಿ ಇಳಿಕೆಯಾಗಲಿ, ಎರಡು ಪಟ್ಟಿಗಿಂತ ಹೆಚ್ಚು) ಅನ್ನುವುದು ಎಲ್ಲರ ರೂಢಿ, ನನ್ನದೂ.

ಉಳಿದ ಜೀನ್‌ಗಳನ್ನು ಒಂಟಿ ಕೋಶದ ಡೇಟಾದಲ್ಲಿ (ಒಂದೊಂದೇ ಕೋಶವನ್ನು ಬೇರೆಯಾಗಿ ಅಳೆದದ್ದು) ಹುಡುಕಿ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ 18 ರೋಗಿಗಳ ಸುಮಾರು 6,000 ಕೋಶಗಳಿವೆ, ಜಿಇಒ ಅನ್ನುವ ಸಾರ್ವಜನಿಕ ಡೇಟಾ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಸಿಒಎಲ್1ಎ1 ಥರದ ಜೀನ್ ಬರುವುದು ಮುಖ್ಯವಾಗಿ ಗೆಡ್ಡೆಯೊಳಗಿನ ಬೆಂಬಲ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳಿಂದ. ಅಂಥದ್ದು ಕಂಡರೆ ‘ಕ್ಯಾನ್ಸರ್ ಕೋಶದಲ್ಲಿ ಏರಿದೆ’ ಅಂತ ಬರೆಯಬೇಡಿ. ‘ಗೆಡ್ಡೆಯ ಚೂರಿನಲ್ಲಿ ಜಾಸ್ತಿ ಇದೆ’ ಅಂತ ಬರೆಯಿರಿ.