ಸುಸ್ಥಿರತಾ ವರದಿಯ ಅಂಕಿಗಳಿಗೆ ಹೊಣೆ ನಿಲ್ಲುವುದು ಹೇಗೆ

2015ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕವು ವಾಹನ ತಯಾರಕರ ಸಾಲಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗೆ ಅಗ್ರಸ್ಥಾನ ಕೊಟ್ಟಿತ್ತು. ಹೊಗೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಮಾಲಿನ್ಯವನ್ನು ತಗ್ಗಿಸಿ ತೋರಿಸುವ ತಂತ್ರಾಂಶ ಅದರ ಡೀಸೆಲ್ ಕಾರುಗಳಲ್ಲಿದೆ ಎಂಬುದು ಬಯಲಾದದ್ದೂ ಅದೇ ತಿಂಗಳು. ಅಂಥ ಕಾರುಗಳು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಇವೆಯೆಂದು ಕಂಪನಿಯೇ ಒಪ್ಪಿಕೊಂಡಿತು. ಎಂಜಿನಿಯರಾಗಲಿ, ಲೆಕ್ಕಪರಿಶೋಧಕರಾಗಲಿ, ಪರಿಸರ ವಿಜ್ಞಾನ ಓದಿದವರಾಗಲಿ, ಕಂಪನಿಯೊಂದರ ಸುಸ್ಥಿರತಾ ವಿಭಾಗಕ್ಕೆ ಹೊಸದಾಗಿ ಸೇರುವ ಯಾರಿಗಾದರೂ ಇಂಥ ಪ್ರಕರಣಗಳು ಉಳಿಸಿಹೋದ ಅನುಮಾನವನ್ನು ಎದುರಿಸುವುದು ತಪ್ಪುವುದಿಲ್ಲ. ಪ್ರಶಸ್ತಿ, ರೇಟಿಂಗ್, ಹೆಸರಿನ ಮುಂದಿನ ಸರ್ಟಿಫಿಕೇಟುಗಳಿಂದ ಆ ಅನುಮಾನ ಕರಗುವುದಿಲ್ಲ. ಕಂಪನಿಯ ವಿದ್ಯುತ್, ಇಂಧನ, ನೀರು, ತ್ಯಾಜ್ಯಗಳ ಲೆಕ್ಕ ಕೊಡುವ ಸುಸ್ಥಿರತಾ ವರದಿಯ ಯಾವುದೇ ಅಂಕಿಯ ಮೇಲೆ ಯಾರಾದರೂ ಬೆರಳಿಟ್ಟು ಕೇಳಿದರೆ, ಅದರ ಹಿಂದಿನ ಬಿಲ್ಲನ್ನೋ ರಿಜಿಸ್ಟರನ್ನೋ ತೆಗೆದು ತೋರಿಸಬಲ್ಲವರ ಮಾತಿಗೆ ಮಾತ್ರ ಇಲ್ಲಿ ತೂಕವಿರುತ್ತದೆ.

ಭಾರತದಲ್ಲಿ ಈ ತೂಕಕ್ಕೆ ಈಗ ನಿಯಮದ ಬಲವೂ ಇದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಲಿಸ್ಟೆಡ್ ಕಂಪನಿಗಳು 2022–23ನೇ ಸಾಲಿನಿಂದ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯನ್ನು ಕುರಿತ ಬಿಆರ್‌ಎಸ್‌ಆರ್ ವರದಿಯನ್ನು ಕಡ್ಡಾಯವಾಗಿ ಸಲ್ಲಿಸಬೇಕು. 2023ರ ಜುಲೈನಲ್ಲಿ ಬಂದ ಬಿಆರ್‌ಎಸ್‌ಆರ್ ಕೋರ್ ಚೌಕಟ್ಟು, ಆಯ್ದ ಒಂಬತ್ತು ಬಾಬತ್ತುಗಳ ಅಂಕಿಗಳನ್ನು ಹೊರಗಿನವರಿಂದ ಪರಿಶೀಲಿಸಿಕೊಳ್ಳುವ ವ್ಯವಸ್ಥೆಯನ್ನು ಮೊದಲ 150 ಕಂಪನಿಗಳಿಂದ ಆರಂಭಿಸಿತು.

ಮೊದಲ ಕೆಲಸ ಕಾರ್ಖಾನೆಗೆ ಹೋಗುವುದು. ಮುಖ್ಯ ಕಚೇರಿಯಲ್ಲಿ ಕುಳಿತು ಎಕ್ಸೆಲ್ ಹಾಳೆಯನ್ನು ಇಮೇಲ್‌ನಲ್ಲಿ ಕಳಿಸಿ, ತುಂಬಿ ಬಂದದ್ದನ್ನು ಕೂಡಿಸಿ ವರದಿ ಮಾಡುವ ಪದ್ಧತಿ ವ್ಯಾಪಕವಾಗಿದೆ. ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದೂ ಅಲ್ಲಿಯೇ. ವಿದ್ಯುತ್ತಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ಸಂಪರ್ಕದ ಮೀಟರಿನಲ್ಲಿ ಎರಡು ರೀಡಿಂಗ್‌ಗಳ ನಡುವಿನ ವ್ಯತ್ಯಾಸವೇ ಯೂನಿಟ್ ಅಲ್ಲ, ಅದನ್ನು ಬಿಲ್ಲಿನಲ್ಲಿ ನಮೂದಿಸಿರುವ ಮೀಟರ್ ಸ್ಥಿರಾಂಕದಿಂದ ಗುಣಿಸಬೇಕು. ವ್ಯತ್ಯಾಸ 100, ಸ್ಥಿರಾಂಕ 1,000 ಎಂದಿಟ್ಟುಕೊಂಡರೆ ಆ ತಿಂಗಳ ಬಳಕೆ ಒಂದು ಲಕ್ಷ ಯೂನಿಟ್. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ದೇಶದ ಗ್ರಿಡ್‌ಗೆ ಪ್ರಕಟಿಸುವ ಗುಣಾಂಕ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿರುವುದರಿಂದ, ಅದು ಸುಮಾರು 70 ಟನ್ ಹೊರಸೂಸುವಿಕೆಗೆ ಸಮನಾಗುತ್ತದೆ. ಈ ಗುಣಾಂಕ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವ ಕಾರಣ, ಯಾವ ಆವೃತ್ತಿಯನ್ನು ಬಳಸಿದ್ದೀರಿ ಎಂಬುದನ್ನು ಲೆಕ್ಕದ ಪಕ್ಕದಲ್ಲೇ ಬರೆದಿಡಿ.

ಡೀಸೆಲ್‌ನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಖರೀದಿಯ ಬಿಲ್ಲು ಕೊಂಡ ಲೀಟರುಗಳನ್ನು ಹೇಳುತ್ತದೆಯೇ ಹೊರತು ಸುಟ್ಟ ಲೀಟರುಗಳನ್ನಲ್ಲ. ವರ್ಷದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆದರೆ ಬಳಕೆ ಸಿಗುತ್ತದೆ. ಜನರೇಟರಿನ ಲಾಗ್ ಬುಕ್ಕಿನಲ್ಲಿರುವ ಓಡಿದ ಗಂಟೆಗಳೊಂದಿಗೆ ಅದು ತಾಳೆಯಾಗಬೇಕು. ಲೀಟರಿಗೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್‌ನಂತೆ ಲೆಕ್ಕ ಹಾಕುವುದು ಆಮೇಲಿನ ಸುಲಭದ ಮಾತು. ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ಎಸಿಗೆ ತುಂಬಿಸಿದ ಗ್ಯಾಸ್. ಅದರ ಬಿಲ್ಲು ನಿರ್ವಹಣಾ ವೆಚ್ಚದಲ್ಲಿ ಸೇರಿಹೋಗಿರುವುದರಿಂದ ಪರಿಸರ ವಿಭಾಗದವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಆರ್-410ಎ ಗ್ಯಾಸ್ ಒಂದು ಕೆಜಿ ಸೋರಿದರೆ ಅದರ ತಾಪಪ್ರಭಾವ ಸುಮಾರು 2,000 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಲೆಕ್ಕಪತ್ರ ವಿಭಾಗದಿಂದ ಎಸಿ ಗುತ್ತಿಗೆದಾರರ ಬಿಲ್ಲುಗಳನ್ನು ತರಿಸಿಕೊಂಡು ಎಷ್ಟು ಕೆಜಿ ಗ್ಯಾಸ್ ಹಾಕಿದ್ದಾರೆಂದು ನೋಡುವುದು ಒಂದೇ ಮಧ್ಯಾಹ್ನದ ಕೆಲಸ, ಅಷ್ಟರಿಂದಲೇ ಪರಿಶೀಲಕರಿಗೆ ನಿಮ್ಮ ಕೆಲಸದ ಮಟ್ಟ ತಿಳಿಯುತ್ತದೆ.

ಬೆಂಗಳೂರಿನ ಕ್ಯಾಂಪಸ್‌ಗಳಲ್ಲಿ ನೀರಿನ ಲೆಕ್ಕವೆಂದರೆ ಬಹುಮಟ್ಟಿಗೆ ಟ್ಯಾಂಕರ್ ಲೆಕ್ಕ. ಬಿಆರ್‌ಎಸ್‌ಆರ್ ನಮೂನೆಯು ನೀರನ್ನು ಮೂಲವಾರು ಕೇಳುತ್ತದೆ, ಮೂರನೆಯವರಿಂದ ಪಡೆದ ನೀರಿಗೆ ಅದರಲ್ಲಿ ಪ್ರತ್ಯೇಕ ಸಾಲಿದೆ. ಗೇಟಿನ ರಿಜಿಸ್ಟರಿನಲ್ಲಿರುವ ಟ್ರಿಪ್ಪುಗಳನ್ನು ಎಣಿಸಿ, ಎಲ್ಲ ಟ್ಯಾಂಕರುಗಳ ಗಾತ್ರ ಒಂದೇ ಎಂದು ಭಾವಿಸದೆ, ಗುತ್ತಿಗೆದಾರರ ಬಿಲ್ಲಿನೊಂದಿಗೆ ಹೋಲಿಸಿ. ಅಳತೆಯಿಲ್ಲದೆ ಅಂದಾಜು ಮಾಡಿದ್ದರೆ ಅಂದಾಜು ಎಂದೇ ಬರೆಯಿರಿ. ಈ ಒಂದು ಪದವನ್ನು ಬರೆಯಲು ಹಿಂಜರಿಯುವ ವರದಿಗಾರರನ್ನು ಕಂಡರೆ ನನಗೆ ಅವರ ಉಳಿದ ಅಂಕಿಗಳ ಮೇಲೂ ಸಂಶಯ ಬರುತ್ತದೆ.

ನವೀಕರಿಸಬಹುದಾದ ವಿದ್ಯುತ್ತಿನ ವಿಚಾರದಲ್ಲಿ ಮಾತು ಇನ್ನಷ್ಟು ಬಿಗಿಯಾಗಿರಬೇಕು. ಗದಗ ಅಥವಾ ಚಿತ್ರದುರ್ಗದ ಗಾಳಿಯಂತ್ರಗಳಿಂದ ಓಪನ್ ಆಕ್ಸೆಸ್ (ಉತ್ಪಾದಕರಿಂದ ನೇರ ಖರೀದಿ) ಮೂಲಕ ವಿದ್ಯುತ್ ಕೊಳ್ಳುವ ಕಂಪನಿಗೆ ತಲುಪುವುದು ಅದೇ ಗ್ರಿಡ್‌ನ ತಂತಿಯಲ್ಲಿ ಹರಿಯುವ ವಿದ್ಯುತ್ತೇ. ಬೇರೆಯಾಗಿರುವುದು ಒಪ್ಪಂದ ಮತ್ತು ಲೆಕ್ಕ. ಆದ್ದರಿಂದ ಹಸಿರುಮನೆ ಅನಿಲಗಳ ಲೆಕ್ಕದ ಮಾನದಂಡವಾದ ಜಿಎಚ್‌ಜಿ ಪ್ರೊಟೊಕಾಲ್‌ನ 2015ರ ಸ್ಕೋಪ್ 2 (ಕೊಂಡ ವಿದ್ಯುತ್ತಿನ ಹೊರಸೂಸುವಿಕೆ) ಮಾರ್ಗದರ್ಶಿಯು ಇಂಥ ಕಡೆ ಎರಡು ಅಂಕಿಗಳನ್ನು ಕೊಡಲು ಹೇಳುತ್ತದೆ: ಗ್ರಿಡ್‌ನ ಸರಾಸರಿ ಗುಣಾಂಕದಿಂದ ಬಂದದ್ದೊಂದು, ಒಪ್ಪಂದದ ಆಧಾರದ್ದು ಇನ್ನೊಂದು. ಎರಡನೆಯದನ್ನು ಮಾತ್ರ ಮುಖಪುಟದಲ್ಲಿ ಹಾಕಿ ಮೊದಲನೆಯದನ್ನು ಅನುಬಂಧದ ಮೂಲೆಗೆ ತಳ್ಳುವುದು ಸುಳ್ಳಲ್ಲ, ಆದರೆ ಓದುಗರ ನಂಬಿಕೆ ಸವೆಯುವುದು ಇಂಥವುಗಳಿಂದಲೇ. ಆ ವಿದ್ಯುತ್ತಿನ ಹಸಿರು ಪ್ರಮಾಣಪತ್ರಗಳನ್ನು ಉತ್ಪಾದಕರು ಬೇರೆಯವರಿಗೆ ಮಾರಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿಯಬೇಕು. ಮಾರಿದ್ದರೆ ಅದರ ಶ್ರೇಯ ನಿಮ್ಮದಲ್ಲ.

ಜಾಹೀರಾತು ವಿಭಾಗದವರು 'ಪರಿಸರಸ್ನೇಹಿ', 'ಹಸಿರು' ಎಂಬ ಪದಗಳನ್ನು ಕೇಳಿಕೊಂಡು ಬಂದಾಗ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಅಕ್ಟೋಬರಿನ ಮಾರ್ಗಸೂಚಿಯನ್ನು ಮುಂದಿಡಿ. ಇಂಥ ಸಾಮಾನ್ಯ ಪದಗಳನ್ನು ತಕ್ಕ ವಿವರಣೆ ಮತ್ತು ಪುರಾವೆಗಳಿಲ್ಲದೆ ಬಳಸುವಂತಿಲ್ಲ. ಯಾವ ಉತ್ಪನ್ನ, ಅದರ ಯಾವ ಭಾಗ, ಯಾವ ವರ್ಷಕ್ಕೆ ಹೋಲಿಸಿ ಎಷ್ಟು ಕಡಿಮೆ ಎಂದು ಬರೆದ ವಾಕ್ಯ ಸಪ್ಪೆಯಾಗಿ ಕಂಡರೂ ಪ್ರಶ್ನೆ ಬಂದಾಗ ನಿಲ್ಲುತ್ತದೆ.

ಪರಿಶೀಲಕರನ್ನು ಆರಿಸುವಾಗ ಶುಲ್ಕಕ್ಕಿಂತ ಮೊದಲು ಸಂಬಂಧವನ್ನು ನೋಡಿ. ಬಿಆರ್‌ಎಸ್‌ಆರ್ ಕೋರ್‌ನ ಅಂಕಿಗಳನ್ನು ಪರಿಶೀಲಿಸುವ ಸಂಸ್ಥೆಯಾಗಲಿ, ಅದರ ಸಹಸಂಸ್ಥೆಯಾಗಲಿ ಅದೇ ಕಂಪನಿಗೆ ಸಲಹಾ ಸೇವೆ ಮಾರುವಂತಿಲ್ಲ ಎಂದು ಸೆಬಿ ಹೇಳಿದೆ. ವರದಿ ಬರೆದುಕೊಟ್ಟವರೇ ಅದಕ್ಕೆ ಮುದ್ರೆ ಒತ್ತುವುದನ್ನು ಈ ನಿಯಮ ತಡೆಯುತ್ತದೆ. ಇದು ಅನ್ವಯಿಸದ ಸಣ್ಣ ಕಂಪನಿಗಳೂ ಪಾಲಿಸಬಹುದಾದ ಶಿಸ್ತು ಇದು.

ಹಿಂದಿನ ವರ್ಷದ ಅಂಕಿಯಲ್ಲಿ ದೋಷ ಕಂಡರೆ ಹೊಸ ವರದಿಯಲ್ಲಿ ಹಳೆಯ ಮತ್ತು ಪರಿಷ್ಕೃತ ಅಂಕಿ ಎರಡನ್ನೂ ಕಾರಣಸಹಿತ ಅಚ್ಚು ಮಾಡಿ. ಹೊಸ ಘಟಕವನ್ನು ಕೊಂಡಾಗ ಅಥವಾ ಹಳೆಯದನ್ನು ಮಾರಿದಾಗ ಹೋಲಿಕೆಗೆ ಇಟ್ಟುಕೊಂಡ ಆಧಾರ ವರ್ಷದ ಲೆಕ್ಕವನ್ನು ಯಾವಾಗ ತಿದ್ದಬೇಕು ಎಂಬ ನೀತಿಯನ್ನು ಮುಂಚೆಯೇ ಬರೆದಿಟ್ಟಿರಬೇಕು. ಶೇ 5ರಷ್ಟು ವ್ಯತ್ಯಾಸವನ್ನು ಮಿತಿಯಾಗಿ ಇಟ್ಟುಕೊಳ್ಳುವ ರೂಢಿ ಇದೆ.

ಮೇಲಿನವರ ಒತ್ತಡ ಎಲ್ಲಕ್ಕಿಂತ ಕಠಿಣವಾದ ಭಾಗ. ಜರ್ಮನಿಯ ಡಿಡಬ್ಲ್ಯುಎಸ್ ಹೂಡಿಕೆ ಸಂಸ್ಥೆಯಲ್ಲಿ ಸುಸ್ಥಿರತಾ ಮುಖ್ಯಸ್ಥೆಯಾಗಿದ್ದ ಡೆಸಿರೆ ಫಿಕ್ಸ್ಲರ್, ಸಂಸ್ಥೆಯು ಪರಿಸರ, ಸಮಾಜ, ಆಡಳಿತಗಳನ್ನು ಗಮನಿಸಿ ಮಾಡುವ ತನ್ನ ಇಎಸ್‌ಜಿ ಹೂಡಿಕೆಗಳ ಬಗ್ಗೆ ಹೇಳಿಕೊಳ್ಳುತ್ತಿದ್ದುದನ್ನು ಪ್ರಶ್ನಿಸಿದರು. 2021ರಲ್ಲಿ ಅವರ ಕೆಲಸ ಹೋಯಿತು. ಅದೇ ಸಂಸ್ಥೆ ಇಂಥ ಹೇಳಿಕೆಗಳ ಪ್ರಕರಣದಲ್ಲಿ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ 1.9 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು, 2025ರಲ್ಲಿ ಫ್ರಾಂಕ್‌ಫರ್ಟ್‌ನ ಪ್ರಾಸಿಕ್ಯೂಟರುಗಳು 2.5 ಕೋಟಿ ಯೂರೋ ದಂಡ ಹಾಕಿದರು. ಪ್ರಶ್ನಿಸಿದವರಿಗೆ ಬೆಲೆ ತೆರದೆ ಗತ್ಯಂತರವಿಲ್ಲದ ಸಂದರ್ಭಗಳಿವೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ಆಕ್ಷೇಪವನ್ನು ಕಾರಿಡಾರಿನ ಮಾತಾಗಿ ಬಿಡದೆ, ಯಾವ ಅಂಕಿ, ಯಾವ ಪುರಾವೆ ಕೊರತೆ, ಬದಲಿಗೆ ಯಾವ ವಾಕ್ಯ ಹಾಕಬಹುದು ಎಂಬ ಮೂರನ್ನೂ ಒಂದೇ ಪುಟದಲ್ಲಿ ಬರೆದು ಕಂಪನಿ ಕಾರ್ಯದರ್ಶಿಗೆ ಕಳಿಸಿ. ಬದಲಿ ವಾಕ್ಯ ಸಿದ್ಧವಿದ್ದರೆ ಒಪ್ಪುವವರಿಗೂ ದಾರಿ ಸಲೀಸು.

ವರದಿ ಅಚ್ಚಿಗೆ ಹೋಗುವ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಗೆ ಘಟಕಗಳು ಕೊಡುವ ಲೆಕ್ಕಗಳನ್ನು ತರಿಸಿಕೊಳ್ಳಿ. ಅಪಾಯಕಾರಿ ತ್ಯಾಜ್ಯದ ಫಾರಂ 4ನ್ನು ಜೂನ್ 30ರೊಳಗೆ, ಪರಿಸರ ಹೇಳಿಕೆಯ ಫಾರಂ 5ನ್ನು ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕು. ಇವನ್ನು ತಯಾರಿಸುವವರು ಸಾಮಾನ್ಯವಾಗಿ ಘಟಕದ ಬೇರೆ ಸಿಬ್ಬಂದಿ. ಫಾರಂ 5 ಇನ್ನೂ ಸಲ್ಲಿಕೆಯಾಗಿರದಿದ್ದರೆ ಅದರ ಕರಡನ್ನು ಕೇಳಿ, ನೀರು ಮತ್ತು ತ್ಯಾಜ್ಯದ ಅಂಕಿಗಳನ್ನು ನಿಮ್ಮದರೊಂದಿಗೆ ಸಾಲುಸಾಲಾಗಿ ಹೋಲಿಸಿ. ವ್ಯತ್ಯಾಸ ಉಳಿದರೆ ಅದರ ಕಾರಣವನ್ನು ದಿನಾಂಕ, ಸಹಿ ಸಮೇತ ಅದೇ ಕಡತದಲ್ಲಿ ಸೇರಿಸಿ, ಒಂದು ಪ್ರತಿಯನ್ನು ಘಟಕದವರಿಗೂ ಕೊಡಿ.