ಲಿನಕ್ಸ್‌ನಲ್ಲಿ ವೈಫೈ ಹಿಡಿಯದಾಗ: ದೋಷ ಮಣ್ಣಿನ ಗೋಡೆಯದಲ್ಲ

"ವೈಫೈ ಬರ್ತಾ ಇಲ್ಲ" ಅಂತ ಯಾರಾದರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರೆ ನಾನು ಮೊದಲು ವಿಚಾರಿಸುವುದು ಇಷ್ಟು. ಪಟ್ಟಿಯಲ್ಲಿ ರೌಟರ್‌ ಹೆಸರೇ ಕಾಣ್ತಿಲ್ವಾ? ಹೆಸರು ಕಂಡೂ ಕನೆಕ್ಟ್ ಆಗ್ತಿಲ್ವಾ? ಇಲ್ಲಾ ಕನೆಕ್ಟ್ ಆಗಿ ಆಗಾಗ ಬಿಟ್ಟು ಹೋಗ್ತಿದೆಯಾ? ಮೂರಕ್ಕೂ ಮದ್ದು ಬೇರೆ ಬೇರೆ. ಆದರೆ ಬಹಳ ಜನ ಮೂರಕ್ಕೂ ಒಂದೇ ಮದ್ದು ಹುಡುಕುತ್ತಾರೆ. ಎಲ್ಲಿಂದಲೋ ಒಂದು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತಂದು ಹಾಕುವುದು. ವಿಂಡೋಸ್ ಕಲಿಸಿದ ಅಭ್ಯಾಸ ಅದು. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ (ಸಿಸ್ಟಮ್‌ನ ತಿರುಳು) ಜೊತೆಗೇ ಬಂದಿರುತ್ತವೆ. ಹೊರಗಿನಿಂದ ಇನ್ನೊಂದನ್ನು ತಂದರೆ ಇದ್ದದ್ದೂ ಕೆಡುವ ಸಂಭವ ಜಾಸ್ತಿ.

ನಾನು ಕಂಪ್ಯೂಟರ್ ಓದಿದವನಲ್ಲ. ತೀರ್ಥಹಳ್ಳಿ ಕಡೆಯವನು, ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಳೇ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಡುವುದು ಸುಮ್ನೆ ಹವ್ಯಾಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇಂಥ ಲ್ಯಾಪ್‌ಟಾಪ್‌ಗಳು ನಮ್ಮ ಮನೆ ಜಗಲಿಗೆ ಇನ್ನೂ ಜಾಸ್ತಿ ಬರುತ್ತಿವೆ. ಮಿಂಟ್ ಹಾಕುವುದು ಕಷ್ಟವೇ ಅಲ್ಲ. ತಲೆ ತಿನ್ನುವುದು ವೈಫೈ ಒಂದೇ.

ಅಕ್ಕನ ಮಗನ ಲ್ಯಾಪ್‌ಟಾಪ್ ವಿಷಯ ಹೇಳುತ್ತೇನೆ. ಅವನು ಶಿವಮೊಗ್ಗದಲ್ಲಿ ಬಿಸಿಎ ಓದುತ್ತಾನೆ, ರಜೆಗೆ ಊರಿಗೆ ಬಂದಿದ್ದ. ಜಗಲಿಯಲ್ಲಿ ರೌಟರ್ ಪಕ್ಕ ಕೂತರೆ ಅವನ ವೈಫೈ ನಡೆಯುತ್ತಿತ್ತು. ನಡುಮನೆ ದಾಟಿ ಒಳಗಿನ ಕೋಣೆಗೆ ಹೋದರೆ ಹೆಸರೇ ಮಾಯ. ಅಕ್ಕನ ಮನೆ ಹಳೇ ಕಾಲದ್ದು, ಗೋಡೆ ಅಂದರೆ ಮೊಳ ದಪ್ಪದ ಮಣ್ಣಿನ ಗೋಡೆ. ಭಾವ ತೀರ್ಪು ಕೊಟ್ಟೇ ಬಿಟ್ಟಿದ್ದರು. "ಈ ಗೋಡೆ ದಾಟಿ ಎಂತ ಸಿಗ್ನಲ್ ಬರ್ತದೆ ಮಾರಾಯ, ಇನ್ನೊಂದು ರೌಟರ್ ತರೋದೇ ಸೈ." ಆದರೆ ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ, ಅಕ್ಕನ ಫೋನ್‌ನಲ್ಲಿ ಯೂಟ್ಯೂಬ್ ಆರಾಮಾಗಿ ಓಡುತ್ತಿತ್ತು. ಗೋಡೆ ಫೋನಿಗೂ ಅಷ್ಟೇ ದಪ್ಪ ಅಲ್ವಾ? ಹಾಗಾಗಿ ಗೋಡೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಅಷ್ಟರಲ್ಲಿ ಹುಡುಗ ಎಲ್ಲಿಂದಲೋ ಡ್ರೈವರ್ ಸೋರ್ಸ್ (ಮೂಲ ಕೋಡ್) ಇಳಿಸಿ ಕಂಪೈಲ್ ಮಾಡಿ ಕೂರಿಸಿದ್ದ. ಅದು ಯಾವ ಆವೃತ್ತಿ, ಯಾವ ಕರ್ನಲ್‌ಗೆ ಅಂತ ಅವನಿಗೇ ನೆನಪಿರಲಿಲ್ಲ. ಇಂಥದ್ದರ ಜೊತೆ ಗುದ್ದಾಡುವುದಕ್ಕಿಂತ ಅಪ್‌ಡೇಟ್ ಮ್ಯಾನೇಜರ್‌ನಿಂದ ಬೇರೊಂದು ಕರ್ನಲ್ ಹಾಕಿಕೊಳ್ಳುವುದು ಸುಲಭ, ಹಾಗೇ ಮಾಡಿದೆ. ಪ್ರತಿ ಕರ್ನಲ್‌ಗೂ ಡ್ರೈವರ್‌ಗಳ ಫೋಲ್ಡರ್ ಪ್ರತ್ಯೇಕ. ಹಾಗಾಗಿ ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಕಲಬೆರಕೆ ಇಲ್ಲದ ಡ್ರೈವರ್ ಸಿಗುತ್ತದೆ.

ಆಮೇಲೆ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಅಂತ ಹೊಡೆದೆ. (ಇಲ್ಲಿ ಬರುವ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೆಯಬೇಕು.) ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ಸಾಲು ಹುಡುಕಿ. ಆ ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗೆ ನಾಲ್ಕು ನಾಲ್ಕು ಅಕ್ಷರಗಳ ಒಂದು ಜೋಡಿ ಇರುತ್ತದೆ. ಮೊದಲ ನಾಲ್ಕು ಚಿಪ್ ಮಾಡಿದವರ ಗುರುತು, ಮುಂದಿನ ನಾಲ್ಕು ಚಿಪ್‌ನ ಮಾದರಿ. 10ಇಸಿ ಅಂದರೆ ರಿಯಲ್‌ಟೆಕ್, 14ಇ4 ಅಂದರೆ ಬ್ರಾಡ್‌ಕಾಮ್, 168ಸಿ ಅಂದರೆ ಆಥೆರಾಸ್, 8086 ಅಂದರೆ ಇಂಟೆಲ್. ಇಂಟೆಲ್‌ನವರು ತಮ್ಮ 1978ರ ಪ್ರೊಸೆಸರ್‌ನ ನಂಬರನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ, ನೋಡಿದಾಗಲೆಲ್ಲ ನಗು ಬರುತ್ತದೆ. ಲ್ಯಾಪ್‌ಟಾಪ್ ಮೇಲಿನ ಸ್ಟಿಕ್ಕರ್, ಬಿಲ್ಲಿನಲ್ಲಿ ಬರೆದ ಮಾಡೆಲ್ ಇವನ್ನು ನಂಬಬೇಡಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರುತ್ತಾರೆ. ಈ ನಂಬರ್ ಮಾತ್ರ ಸುಳ್ಳು ಹೇಳುವುದಿಲ್ಲ.

ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಇನ್ನೊಂದು ಸಾಲು ಇದೆಯಾ ನೋಡಿ. ಇದ್ದರೆ ಡ್ರೈವರ್ ಕೂತಿದೆ, ಹೊಸದನ್ನು ಹುಡುಕುವ ಕೆಲಸವೇ ಇಲ್ಲ. ಹುಡುಗನದರಲ್ಲಿ 10ಇಸಿ:ಬಿ723 ಅಂತ ಇತ್ತು, ಅಂದರೆ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ. ಕೆಳಗೆ ಅದೇ ಹೆಸರಿನ ಡ್ರೈವರ್ ಕೂತಿತ್ತು.

ಡ್ರೈವರ್ ಇದ್ದ ಮೇಲೆ ಮುಂದಿನ ಅನುಮಾನ ಫರ್ಮ್‌ವೇರ್ ಮೇಲೆ. ಎರಡೂ ಒಂದೇ ಅಂದುಕೊಂಡವರು ಬಹಳ ಜನ. ಡ್ರೈವರ್ ಓಡುವುದು ನಮ್ಮ ಪ್ರೊಸೆಸರ್‌ನಲ್ಲಿ. ಫರ್ಮ್‌ವೇರ್ ಓಡುವುದು ಕಾರ್ಡ್‌ನ ಚಿಪ್‌ ಒಳಗೆ. ಪ್ರತಿ ಸಲ ಆನ್ ಆದಾಗ ಡ್ರೈವರ್ ಆ ಕಡತವನ್ನು ಲಿಬ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಿಂದ ತೆಗೆದು ಕಾರ್ಡ್‌ಗೆ ತುಂಬುತ್ತದೆ. ಕಡತ ಇಲ್ಲದಿದ್ದರೆ ಡಿಮೆಸ್ಜ್ ಕಮಾಂಡ್‌ನ ಉತ್ತರದಲ್ಲಿ ಕಡತದ ಹೆಸರು ಹಿಡಿದೇ ದೂರು ಇರುತ್ತದೆ. ಮಿಂಟ್, ಉಬುಂಟು ಬಳಸುವವರಿಗೆ ಈ ತೊಂದರೆ ಕಡಿಮೆ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಮೊದಲು ಇದು ದೊಡ್ಡ ರಗಳೆಯಾಗಿತ್ತು. ಮುಕ್ತವಲ್ಲದ (ಸೋರ್ಸ್ ಬಹಿರಂಗವಿಲ್ಲದ) ಕಡತ ಅಂತ ಅವರು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಫರ್ಮ್‌ವೇರ್ ಇಡುತ್ತಿರಲಿಲ್ಲ. 2022ರಲ್ಲಿ ಡೆವಲಪರ್‌ಗಳು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್‌ನಲ್ಲೇ ಇರುತ್ತದೆ. ಒಳ್ಳೆಯ ಕೆಲಸ ಮಾಡಿದರು ಅಂತ ನನ್ನ ಅಭಿಪ್ರಾಯ. ವೈಫೈ ನಡೆಯದ ಕಂಪ್ಯೂಟರ್ ಕೊಟ್ಟು ಸ್ವಾತಂತ್ರ್ಯದ ಪಾಠ ಹೇಳಿದರೆ ಯಾರು ಕೇಳುತ್ತಾರೆ?

ಹುಡುಗನದರಲ್ಲಿ ಫರ್ಮ್‌ವೇರ್ ಕೂಡ ಸರಿ ಇತ್ತು. ವೈಫೈಯನ್ನು ಏನಾದರೂ ತಡೆದಿದೆಯಾ ಅಂತ ನೋಡಲು ಆರ್‌ಎಫ್‌ಕಿಲ್ ಲಿಸ್ಟ್ ಹೊಡೆದೆ. ಸಾಫ್ಟ್ ಬ್ಲಾಕ್ ಇಲ್ಲ, ಹಾರ್ಡ್ ಬ್ಲಾಕ್ ಇಲ್ಲ. (ಸಾಫ್ಟ್ ಬ್ಲಾಕ್ ಇದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಅಂದರೆ ಹೋಗುತ್ತದೆ. ಹಾರ್ಡ್ ಬ್ಲಾಕ್ ಇದ್ದರೆ ಲ್ಯಾಪ್‌ಟಾಪ್ ಬದಿಯ ಸ್ವಿಚ್ಚೋ ವಿಮಾನದ ಚಿತ್ರದ ಕೀಲಿಯೋ ಒತ್ತಿ ನೋಡಿ.) ಅಂದರೆ ಕಾರ್ಡ್ ಕಂಡಿದೆ, ಡ್ರೈವರ್ ಇದೆ, ಫರ್ಮ್‌ವೇರ್ ಇದೆ, ಯಾರೂ ತಡೆದಿಲ್ಲ. ಆದರೂ ಕಿವಿ ಮಂದ.

ಸಿಗ್ನಲ್ ಎಷ್ಟು ಅಂತ ಕಡ್ಡಿ ಎಣಿಸಿ ಪ್ರಯೋಜನವಿಲ್ಲ, ಅಂಕಿ ನೋಡಬೇಕು. ಐಡಬ್ಲ್ಯೂ ಡೆವ್ ಅಂದರೆ ಕಾರ್ಡ್‌ಗೆ ಸಿಸ್ಟಮ್ ಇಟ್ಟ ಹೆಸರು ಸಿಗುತ್ತದೆ. ಅವನದರಲ್ಲಿ ಡಬ್ಲ್ಯೂಎಲ್‌ಒ1. ಐಡಬ್ಲ್ಯೂ ಡೆವ್ ಡಬ್ಲ್ಯೂಎಲ್‌ಒ1 ಲಿಂಕ್ ಅಂದರೆ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಬರುತ್ತದೆ. ಅದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಜೋರು, ಮೈನಸ್ 70 ಅಂದರೆ ಪರವಾಗಿಲ್ಲ, ಮೈನಸ್ 85 ಅಂದರೆ ಇದ್ದೂ ಇಲ್ಲದ ಹಾಗೆ. ರೌಟರ್ ಎದುರೇ ಕೂತು ನೋಡಿದರೆ ಇವನಿಗೆ ಬರುತ್ತಿದ್ದದ್ದು ಮೈನಸ್ 72ರ ಆಸುಪಾಸು. ಗೋಡೆಯೇ ಇಲ್ಲ, ಕೈಯಳತೆ ದೂರ, ಆದರೂ ಇಷ್ಟು ಕಮ್ಮಿ. ಅಲ್ಲಿಗೆ ಗೊತ್ತಾಯಿತು, ಆಂಟೆನಾದ್ದೇ ಕತೆ.

ಈ ಚಿಪ್ ಇರುವ ಕಾರ್ಡ್‌ನಲ್ಲಿ ಆಂಟೆನಾ ವೈರ್ ಸಿಕ್ಕಿಸಲು ಎರಡು ಜಾಗ ಇರುತ್ತವೆ. ಲ್ಯಾಪ್‌ಟಾಪ್ ಮಾಡುವ ಕೆಲವರು ಖರ್ಚು ಉಳಿಸಲು ಒಂದೇ ವೈರ್ ಎಳೆದಿರುತ್ತಾರೆ. ಒಂದೇ ಇದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ಯಾವ ಜಾಗದಲ್ಲಿ ವೈರ್ ಇದೆ ಅಂತ ಕಾರ್ಡ್‌ನ ನೆನಪಿನಲ್ಲಿ ಬರೆದಿರುವುದು ಒಂದು, ನಿಜವಾಗಿ ಸಿಕ್ಕಿಸಿರುವುದು ಇನ್ನೊಂದು ಆಗಿಬಿಟ್ಟರೆ? ಡ್ರೈವರ್ ಪಾಪ ಬರೆದದ್ದನ್ನು ನಂಬಿ ವೈರೇ ಇಲ್ಲದ ಕಡೆ ಕಿವಿ ಇಟ್ಟು ಕೂರುತ್ತದೆ. ಬಹಳ ಹತ್ತಿರ ಹೋದರೆ ಮಾತ್ರ ಏನೋ ಅಷ್ಟಿಷ್ಟು ಕೇಳಿಸುತ್ತದೆ.

ಲ್ಯಾಪ್‌ಟಾಪ್ ಬಿಚ್ಚಿ ವೈರ್ ಬದಲಿಸಬಹುದು. ವಾರಂಟಿ ಇದ್ದರೆ ಅದು ಹೋಗಬಹುದು. ಜೊತೆಗೆ ವಿಂಡೋಸ್ ಕೂಡ ಇಟ್ಟುಕೊಂಡಿದ್ದರೆ ಅಲ್ಲಿ ವೈಫೈ ಕೈಕೊಡುತ್ತದೆ. ಇದಕ್ಕೆ ಲ್ಯಾರಿ ಫಿಂಗರ್ ಅನ್ನುವವರು 2016ರಲ್ಲೇ ದಾರಿ ಮಾಡಿಟ್ಟಿದ್ದಾರೆ. ಯಾವ ಆಂಟೆನಾ ಬಳಸಬೇಕು ಅಂತ ನಾವೇ ಹೇಳುವ ಆಂಟ್_ಸೆಲ್ ಅನ್ನುವ ಆಯ್ಕೆಯನ್ನು ಈ ಡ್ರೈವರ್‌ಗೆ ಸೇರಿಸಿದವರು ಅವರು. ಬ್ರಾಡ್‌ಕಾಮ್, ರಿಯಲ್‌ಟೆಕ್ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ನಡೆಯುವುದರ ಹಿಂದೆ ವರ್ಷಗಟ್ಟಲೆ ಅವರ ದುಡಿಮೆ ಇದೆ. 2024ರ ಜೂನ್‌ನಲ್ಲಿ ತೀರಿಕೊಂಡರು. ನಮ್ಮ ಕಡೆಯ ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳು ಅವರ ಋಣದಲ್ಲಿವೆ.

ಮಾಡಿದ್ದು ಇಷ್ಟು. ಸುಡೋ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ ಅಂತ ಹೊಡೆದು ಡ್ರೈವರನ್ನು ಕರ್ನಲ್‌ನಿಂದ ಕೆಳಗಿಳಿಸಿದೆ. ಸುಡೋ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=1 ಅಂತ ಮತ್ತೆ ಏರಿಸಿದೆ. ಅಂಕಿ ಅಲ್ಲಾಡಲಿಲ್ಲ. ಮತ್ತೆ ಇಳಿಸಿ ಆಂಟ್_ಸೆಲ್=2 ಅಂತ ಏರಿಸಿದೆ. ಮೈನಸ್ 38. ಹುಡುಗ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗಿನ ಕೋಣೆಗೆ ಓಡಿದ. "ಮಾವ, ಇಲ್ಲೂ ಬರ್ತಿದೆ!" ಅಲ್ಲಿ ಮೈನಸ್ 60ರ ಹತ್ತಿರ ಇತ್ತು. ಗೋಡೆ ತನ್ನ ಪಾಲನ್ನು ತಿಂದಿತ್ತು, ಆದರೆ ಅಷ್ಟೇ.

ಇದು ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಉಳಿಯಬೇಕಾದರೆ ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ, ಕೊನೆಗೆ .ಕಾನ್ಫ್ ಬರುವ ಹಾಗೆ ಯಾವುದಾದರೂ ಹೆಸರಿನ ಒಂದು ಕಡತ ಮಾಡಿ. ಅದರಲ್ಲಿ ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2 ಅಂತ ಒಂದೇ ಸಾಲು ಬರೆದಿಡಿ. ನಿಮ್ಮ ಲ್ಯಾಪ್‌ಟಾಪ್‌ಗೆ 1 ಸರಿಹೋಗಬಹುದು, ಎರಡನ್ನೂ ನೋಡಿಯೇ ಬರೆಯಿರಿ. ಇಂಟೆಲ್ ಕಾರ್ಡ್‌ಗೆ ಈ ಸಾಲು ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ಜಾತಿಯ ತೊಂದರೆ ಬ್ರಾಡ್‌ಕಾಮ್‌ನದು. ಪರಿಚಯದ ಮೇಷ್ಟ್ರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಬಿಸಿಎಂ43142, ನಂಬರ್ 14ಇ4:4365. ಇದಕ್ಕೆ ಕರ್ನಲ್‌ನ ಮುಕ್ತ ಡ್ರೈವರ್‌ಗಳು ಆಗುವುದಿಲ್ಲ, ಕಂಪನಿಯ ಡಬ್ಲ್ಯೂಎಲ್ ಡ್ರೈವರ್ರೇ ಬೇಕು. ಅದನ್ನು ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು. ಅವರ ಮನೆ ಕಾಡಿನ ಮಧ್ಯೆ, ಮೊಬೈಲ್ ಸಿಗ್ನಲ್ ಬೇಕಂದರೆ ಗುಡ್ಡ ಹತ್ತಬೇಕು. ಮನೆಯಲ್ಲಿ ಫೈಬರ್ ವೈಫೈ ಮಾತ್ರ ಇದೆ. ಇಲ್ಲಿ ಕೈಹಿಡಿದದ್ದು ಯುಎಸ್‌ಬಿ ಟೆದರಿಂಗ್. ಆಂಡ್ರಾಯ್ಡ್ ಫೋನನ್ನು ಮನೆಯ ವೈಫೈಗೆ ಸೇರಿಸಿ, ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಟೆದರಿಂಗ್ ಆನ್ ಮಾಡಿದರೆ ಹೆಚ್ಚಿನ ಫೋನ್‌ಗಳು ಆ ವೈಫೈಯನ್ನೇ ಲ್ಯಾಪ್‌ಟಾಪ್‌ಗೆ ದಾಟಿಸುತ್ತವೆ. ಸಿಮ್‌ನಲ್ಲಿ ಡೇಟಾ ಬೇಕಾಗಿಲ್ಲ. ಲಿನಕ್ಸ್‌ಗೆ ಅದು ಕೇಬಲ್ ನೆಟ್‌ವರ್ಕ್ ಹಾಗೆ ಕಾಣುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮಲೆನಾಡಿನಲ್ಲಿ ಲಿನಕ್ಸ್ ಹಾಕುವವರು ಬೇರೆ ಏನು ಮರೆತರೂ ಇದೊಂದನ್ನು ನೆನಪಿಡಿ. ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆಗೆದರೆ ಬ್ರಾಡ್‌ಕಾಮ್ ಹೆಸರು ತಾನಾಗಿ ಕಾಣುತ್ತದೆ.

ಇನ್‌ಸ್ಟಾಲ್ ಆದ ಮೇಲೂ ಮೇಷ್ಟ್ರ ವೈಫೈ ಏಳಲಿಲ್ಲ. ಕಾರಣ ಸೆಕ್ಯೂರ್ ಬೂಟ್. ಹೊರಗಿನಿಂದ ಬಂದು ನಮ್ಮಲ್ಲೇ ಕಂಪೈಲ್ ಆದ ಡ್ರೈವರ್‌ಗೆ ನಂಬಿಕೆಯ ಸಹಿ ಇಲ್ಲದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಸಹಿಯ ಕೀಲಿ ಸೇರಿಸಲೇ ಅಂತ ವಿಚಾರಿಸುತ್ತದೆ. ಮೇಷ್ಟ್ರು ಆ ನೀಲಿ ಪರದೆ ಕಂಡು ಗಾಬರಿಯಾಗಿ ಕಂಟಿನ್ಯೂ ಒತ್ತಿದ್ದರು. ಅಲ್ಲಿ ಎನ್‌ರೋಲ್ ಎಂಒಕೆ (ಕೀಲಿ ಸೇರಿಸು) ಆರಿಸಿ ಆ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು.

ಮೂರನೆಯದು, ಬಂದು ಬಂದು ಹೋಗುವ ವೈಫೈ. ನಮ್ಮ ಪಕ್ಕದ ಮನೆಯ ಟೀಚರಕ್ಕನ ದೂರು ಕೇಳಿ. "ಮಳೆ ಬಂದರೆ ಲ್ಯಾಪ್‌ಟಾಪ್‌ಲಿ ವೈಫೈ ನಿಲ್ಲೋದೇ ಇಲ್ಲ, ಫೋನಲ್ಲಿ ಸರಿ ಇರ್ತದೆ." ಮಳೆಗೂ ಡ್ರೈವರ್‌ಗೂ ಎಂತ ಸಂಬಂಧ? ಇತ್ತು. ಇಲ್ಲಿ ಗುಡುಗು ಶುರುವಾದರೆ ಎಲ್ಲರೂ ಮೊದಲು ಮಾಡುವುದು ಪ್ಲಗ್ ಕೀಳುವುದು. ಸಿಡಿಲಿಗೆ ಎಷ್ಟು ಟಿವಿ, ಎಷ್ಟು ರೌಟರ್ ಸುಟ್ಟಿಲ್ಲ! ಚಾರ್ಜರ್ ಕಿತ್ತ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬೀಳುತ್ತದೆ. ಅವರ ಲ್ಯಾಪ್‌ಟಾಪ್‌ನಲ್ಲಿ ಟಿಎಲ್‌ಪಿ ಅನ್ನುವ ಬ್ಯಾಟರಿ ಉಳಿಸುವ ತಂತ್ರಾಂಶ ಇತ್ತು. ಕರೆಂಟಿನಲ್ಲಿದ್ದಾಗ ವೈಫೈಯ ಪವರ್ ಸೇವಿಂಗ್ ಆಫ್, ಬ್ಯಾಟರಿಯಲ್ಲಿ ಆನ್. ಅದರ ಕ್ರಮವೇ ಹಾಗೆ. ಕೆಲವು ಕಾರ್ಡ್‌ಗಳು ಆ ತೂಕಡಿಕೆಯಿಂದ ಸರಿಯಾಗಿ ಏಳುವುದಿಲ್ಲ. ಟಿಎಲ್‌ಪಿಯ ಸೆಟ್ಟಿಂಗ್‌ನಲ್ಲಿ ವೈಫೈ_ಪಿಡಬ್ಲ್ಯೂಆರ್_ಆನ್_ಬ್ಯಾಟ್ ಅನ್ನುವುದನ್ನು ಆಫ್ ಮಾಡಿದೆ. ಟಿಎಲ್‌ಪಿ ಇಲ್ಲದವರು ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರ್‌ನಲ್ಲಿ ವೈಫೈ.ಪವರ್‌ಸೇವ್ = 3 ಅಂತ ಇರುವುದನ್ನು 2 ಮಾಡಿದರೆ ಅದೇ ಫಲ.

ಎಷ್ಟು ಮಾಡಿದರೂ ಒಳಗಿನ ಕಾರ್ಡ್ ಏಳದಿದ್ದರೆ ನಾನು ಹಟ ಹಿಡಿಯುವುದಿಲ್ಲ, ಯುಎಸ್‌ಬಿ ವೈಫೈ ಡಾಂಗಲ್ ಕೊಳ್ಳಿ ಅನ್ನುತ್ತೇನೆ. ಎಆರ್9271 ಚಿಪ್‌ನದು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಅದರ ಡ್ರೈವರ್ ಮಾತ್ರವಲ್ಲ, ಫರ್ಮ್‌ವೇರ್ ಕೂಡ ಮುಕ್ತ. ಎಂಟಿ7601ಯು ಕೂಡ ಆಗುತ್ತದೆ. ಡಬ್ಬಿಯ ಮೇಲೆ ಚಿಪ್‌ನ ಹೆಸರು ಬರೆದಿರುವುದು ಅಪರೂಪ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಶಿವಮೊಗ್ಗಕ್ಕೆ ಹೋಗುವುದಾದರೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋಗಿ. ಅಂಗಡಿಯಲ್ಲೇ ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಹೊಡೆದು ನಂಬರ್ ನೋಡಿ, ಅಂಗಡಿಯ ವೈಫೈಗೆ ಸೇರಿಸಿ ನೋಡಿ, ಆಮೇಲೆ ದುಡ್ಡು ಕೊಡಿ.